ಕರಗದೆ ಕೂಡಿದ ಲೋಹಗಳು

— ಚಿಕ್ಕಪ್ಪ, ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹೊಸ ಕಾಂಟ್ಯಾಕ್ಟು ತರೋಣ ಅಂತ ಪೇಟೆಗೆ ಹೋಗಿದ್ದೆ. ಶುದ್ಧ ಬೆಳ್ಳಿಯದು ಕೊಡಿ ಅಂದರೆ ಅಂಗಡಿಯವರು, 'ಇಷ್ಟು ಕರೆಂಟಿಗೆ ಶುದ್ಧ ಬೆಳ್ಳಿ ಯಾರೂ ಹಾಕುವುದಿಲ್ಲ, ಬೆಳ್ಳಿಯ ಜೊತೆ ತವರದ ಆಕ್ಸೈಡು ಇರುತ್ತದೆ' ಅಂದರು. ಬೆಳ್ಳಿಯ ಬೆಲೆ ತೆಗೆದುಕೊಂಡು ತವರದ ಪುಡಿ ಬೆರೆಸಿ ಕೊಡುವುದು ಅನ್ಯಾಯವಲ್ಲವೇ?

— ಅವರು ಹೇಳಿದ್ದು ಸರಿಯಾಗಿಯೇ ಇದೆ. ಆ ಪುಡಿ ಇದೆ ಅಂತಲೇ ನೀನು ಸ್ಟಾಪ್ ಬಟನ್ ಒತ್ತಿದಾಗ ಮೋಟರು ನಿಲ್ಲುತ್ತದೆ. ಶುದ್ಧ ಬೆಳ್ಳಿ ಹಾಕಿದ್ದರೆ ಒಂದಲ್ಲ ಒಂದು ದಿನ ಎರಡು ತುಂಡುಗಳೂ ಅಂಟಿ ಒಂದೇ ತುಂಡಾಗಿಬಿಡುತ್ತಿದ್ದವು.

— ಎಲ್ಲ ಲೋಹಗಳಲ್ಲೂ ಬೆಳ್ಳಿಯೇ ಚೆನ್ನಾಗಿ ಕರೆಂಟು ಹರಿಸುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ?

— ಅದು ಖಂಡಿತ ನಿಜ. ತಾಮ್ರವೂ ಅದರ ಹಿಂದೆಯೇ ಇದೆ. ಕಾಂಟ್ಯಾಕ್ಟು ಬರೀ ಮುಚ್ಚಿಕೊಂಡೇ ಇರುವುದಾಗಿದ್ದರೆ ಬೆಳ್ಳಿಯೊಂದೇ ಸಾಕಾಗುತ್ತಿತ್ತು. ಕಾಂಟ್ಯಾಕ್ಟಿನ ಕೆಲಸ ಮುಚ್ಚುವುದು, ಹರಿಸುವುದು, ತೆರೆಯುವುದು, ಮತ್ತೆ ಮುಚ್ಚುವುದು. ಹರಿಸುವಾಗ ಬಿಸಿಯಾಗಬಾರದು, ಮುಚ್ಚುವಾಗ ಅಂಟಬಾರದು, ತೆರೆಯುವಾಗ ಸುಟ್ಟು ಸವೆಯಬಾರದು, ಇಷ್ಟೆಲ್ಲ ಆದಮೇಲೂ ಮೈ ಮೇಲೆ ಕರೆಂಟಿಗೆ ಅಡ್ಡಬರುವ ಪದರ ಕಟ್ಟಬಾರದು. ಕರೆಂಟು ಹರಿಸುವುದರಲ್ಲಿ ಮುಂದಿರುವ ಲೋಹ ಮೆತ್ತಗಿರುತ್ತದೆ, ಬೇಗ ಕರಗುತ್ತದೆ. ಶಾಖ ತಡೆಯುವ ಲೋಹ ಕರೆಂಟಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ. ಈ ನಾಲ್ಕೂ ಗುಣ ಒಟ್ಟಿಗೇ ಇರುವ ಲೋಹ ಭೂಮಿಯ ಮೇಲೆ ಇಲ್ಲ.

— ಮುಚ್ಚುವಾಗ ಅಂಟುವುದು ಯಾಕೆ? ಎರಡು ತಣ್ಣನೆಯ ತುಂಡುಗಳು ಬಂದು ತಾಗುತ್ತವೆ, ಅಷ್ಟೇ ಅಲ್ಲವೇ?

— ತಾಗುವುದು ಅಂದರೇನು ಅಂತ ಮೊದಲು ನೋಡೋಣ. ಎಷ್ಟೇ ನುಣ್ಣಗೆ ಉಜ್ಜಿದರೂ ಲೋಹದ ಮೈ ತುಂಬ ಉಬ್ಬುತಗ್ಗು ಉಳಿದೇ ಇರುತ್ತದೆ. ಎರಡು ತುಂಡು ಎದುರುಬದುರಾದಾಗ ಎತ್ತರದ ಕೆಲವೇ ಉಬ್ಬುಗಳು ಒಂದಕ್ಕೊಂದು ಮುಟ್ಟುತ್ತವೆ, ಉಳಿದ ಕಡೆ ನಡುವೆ ಗಾಳಿ. ನಿನ್ನ ಕಣ್ಣಿಗೆ ಬೆರಳುಗುರಿನಷ್ಟು ಅಗಲದ ಜಾಗ ಮುಟ್ಟಿದ ಹಾಗೆ ಕಂಡರೂ ಕರೆಂಟು ಹರಿಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಚಿಕ್ಕ ಚುಕ್ಕೆಗಳಲ್ಲಿ. ಇದನ್ನು ಲೆಕ್ಕಕ್ಕೆ ಇಳಿಸಿದವರು ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಮ್. ಬರ್ಲಿನ್ನಿನ ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಾ ವಿದ್ಯುತ್ ಸಂಪರ್ಕಗಳನ್ನೇ ಒಂದು ಶಾಸ್ತ್ರವಾಗಿ ಕಟ್ಟಿದರು, ಆಮೇಲೆ ಅಮೆರಿಕಕ್ಕೆ ಹೋದರು. ಈ ವಿಷಯದ ಎಂಜಿನಿಯರುಗಳು 1953ರಿಂದ ನಡೆಸಿಕೊಂಡು ಬಂದಿರುವ ಸಮ್ಮೇಳನಕ್ಕೆ ಅವರದೇ ಹೆಸರಿದೆ.

— ಚುಕ್ಕೆ ಚಿಕ್ಕದಾದರೆ ತೊಂದರೆ ಏನು?

— ಅಗಲದ ದಾರಿಯಲ್ಲಿ ಬಂದ ಕರೆಂಟೆಲ್ಲ ಅಷ್ಟು ಇಕ್ಕಟ್ಟಿನಲ್ಲಿ ನುಗ್ಗಬೇಕು. ಅಲ್ಲಿ ಶಾಖ ಹುಟ್ಟುತ್ತದೆ. ಎಷ್ಟು ಬಿಸಿಯಾಗುತ್ತದೆ ಅನ್ನುವುದನ್ನು ಆ ಚುಕ್ಕೆಯ ಆಚೆ ಈಚೆ ಇರುವ ವೋಲ್ಟೇಜಿನಿಂದಲೇ ಹೇಳಬಹುದು ಅಂತ ಹೋಮ್ ತೋರಿಸಿದರು. ಬೆಳ್ಳಿಯಾದರೆ ಸುಮಾರು 0.09 ವೋಲ್ಟಿಗೆ ಚುಕ್ಕೆ ಮೆತ್ತಗಾಗುತ್ತದೆ, 0.37 ವೋಲ್ಟಿಗೆ ಕರಗುತ್ತದೆ. ತಾಮ್ರ ಕರಗುವುದು 0.43ಕ್ಕೆ. ಟಂಗ್‌ಸ್ಟನ್ನಿಗೆ ಒಂದು ವೋಲ್ಟಿಗೂ ಸ್ವಲ್ಪ ಮೇಲೆ ಬೇಕು. 415 ವೋಲ್ಟಿನ ಲೈನಿನಲ್ಲಿ ಈ ಅರ್ಧ ವೋಲ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕಾಂಟ್ಯಾಕ್ಟಿನ ಆಯಸ್ಸು ತೀರ್ಮಾನವಾಗುವುದು ಅದರಲ್ಲೇ.

ಈಗ ನಿನ್ನ ಮೋಟರನ್ನೇ ತೆಗೆದುಕೋ. 7.5 ಎಚ್‌ಪಿಯ ಸಬ್‌ಮರ್ಸಿಬಲ್ ಓಡುವಾಗ ಹೆಚ್ಚುಕಡಿಮೆ 14 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಗಳಿಗೆಯಲ್ಲಿ ಅದರ ಆರು ಪಟ್ಟು, ಅಂದರೆ 80ರ ಮೇಲೆ. ಅದೇ ಗಳಿಗೆಯಲ್ಲಿ ಕಾಂಟ್ಯಾಕ್ಟು ಬಡಿದು, ಪುಟಿದು, ಮತ್ತೆ ಬಡಿಯುತ್ತದೆ. ಪುಟಿದಾಗ ನಡುವೆ ಕೂದಲೆಳೆಯಷ್ಟು ಸಂದು ಬಿದ್ದು ಆರ್ಕ್, ಅಂದರೆ ಸಂದಿನಲ್ಲೇ ಉರಿಯುವ ಕರೆಂಟಿನ ಕಿಡಿ, ಹೊತ್ತುತ್ತದೆ. ಆರ್ಕ್ ಹೊತ್ತಿದರೆ ಹನ್ನೆರಡು ವೋಲ್ಟಿಗೆ ಕಡಿಮೆ ಇಲ್ಲ. 0.37 ವೋಲ್ಟಿಗೆ ಕರಗುವ ಬೆಳ್ಳಿಯ ಮುಂದೆ 12 ವೋಲ್ಟು! ಮೈ ಕರಗುತ್ತದೆ, ಕರಗಿದ ಮೈ ಮೇಲೆ ಇನ್ನೊಂದು ತುಂಡು ಬಂದು ಕೂರುತ್ತದೆ, ತಣ್ಣಗಾದ ಕೂಡಲೇ ಬೆಸುಗೆ ಬೀಳುತ್ತದೆ. ಸಾಯಂಕಾಲ ವೋಲ್ಟೇಜು ಇಳಿದು ಕಾಂಟ್ಯಾಕ್ಟುಗಳನ್ನು ಎಳೆದು ಮುಚ್ಚುವ ಕಾಯಿಲ್ ಗಟ್ಟಿಯಾಗಿ ಹಿಡಿಯಲಾರದೆ ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರು ಗರಗರ ಅನ್ನುತ್ತದಲ್ಲ, ಆಗ ಇದೇ ಪುಟಿಯುವಿಕೆ ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತದೆ.

— ಹೋದ ಬೇಸಿಗೆಯಲ್ಲಿ ಮೋಟರು ಸುಟ್ಟಿದ್ದೂ ಹಾಗೆಯೇ. ಸ್ಟಾಪ್ ಒತ್ತಿದರೂ ಕೆಳಗೆ ಮೋಟರು ಗುಂಯ್ ಅನ್ನುತ್ತಲೇ ಇತ್ತು. ಓವರ್‌ಲೋಡ್ ರಿಲೇ ಟ್ರಿಪ್ ಆಗಿತ್ತು, ಆದರೂ ವೈಂಡಿಂಗ್ ಉಳಿಯಲಿಲ್ಲ. ರಿಲೇ ಕೆಟ್ಟಿತ್ತು ಅಂದರು.

— ರಿಲೇ ತನ್ನ ಕೆಲಸ ಮಾಡಿದೆ. ಓವರ್‌ಲೋಡ್ ರಿಲೇ ತಾನಾಗಿ ಮೋಟರಿನ ಕರೆಂಟನ್ನು ಕಡಿಯುವುದಿಲ್ಲ. ಅದು ಕಾಯಿಲ್ಲಿನ ಕರೆಂಟು ಕಡಿಯುತ್ತದೆ, ಕಾಯಿಲ್ ಬಿಟ್ಟರೆ ಕಾಂಟ್ಯಾಕ್ಟು ತೆರೆಯಬೇಕು. ಮೂರರಲ್ಲಿ ಎರಡು ಕಾಂಟ್ಯಾಕ್ಟು ಅಂಟಿಕೊಂಡಿದ್ದರೆ ಒಂದೇ ಒಂದು ತೆರೆಯುತ್ತದೆ. ಮೋಟರಿಗೆ ಎರಡೇ ಫೇಸು ಸಿಗುತ್ತದೆ. ತಿರುಗಲಾರದೆ, ನಿಲ್ಲಲಾರದೆ ಕರೆಂಟು ಎಳೆಯುತ್ತಲೇ ಇರುತ್ತದೆ. ಶುರುವಿನ ಕರೆಂಟನ್ನು ತಡೆದುಕೊಳ್ಳಲೆಂದು ದೊಡ್ಡದು ಹಾಕಿರುವ ಫ್ಯೂಸು ಅಷ್ಟಕ್ಕೆಲ್ಲ ಬೇಗ ಹೋಗುವುದಿಲ್ಲ. ಕಾವಲಿಗೆ ಇಟ್ಟ ರಿಲೇ ಕೂಗಿ ಹೇಳಿದರೂ ಬಾಗಿಲು ತೆರೆಯಬೇಕಾದ ಎರಡು ಕಾಂಟ್ಯಾಕ್ಟು ಅಂಟಿ ಕೂತಿದ್ದವು. ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿದೆ. ಒಂದೇ ಕಾಂಟ್ಯಾಕ್ಟು ಅಂಟಿದ್ದರೆ ಮೋಟರು ನಿಲ್ಲುತ್ತದೆ, ಆಫ್ ಆಯಿತು ಅಂತ ಎಲ್ಲರೂ ನಂಬುತ್ತಾರೆ, ವೈರಿನಲ್ಲಿ ಮಾತ್ರ ಕರೆಂಟು ಹಾಗೆಯೇ ಇರುತ್ತದೆ. ಜಾಯಿಂಟು ಬಿಚ್ಚಲು ಕೈ ಹಾಕಿದವನ ಗತಿ ಏನು? ಅದಕ್ಕೇ ಮೇಲಿನ ಮೇನ್ ಸ್ವಿಚ್ ತೆಗೆದು, ಟೆಸ್ಟರ್ ಇಟ್ಟು ನೋಡದೆ ಯಾರೂ ವೈರು ಮುಟ್ಟಬಾರದು.

— ಹಾಗಾದರೆ ಆ ತೆಗೆದ ಕಾಂಟ್ಯಾಕ್ಟನ್ನು ನೀವು ನೋಡಿದಿರಲ್ಲ, ಏನು ಕಂಡಿತು?

— ಅರದಿಂದ ಉಜ್ಜಿದ ಕೂಡಲೇ ಕೆಂಪು ತಾಮ್ರ ಕಂಡಿತು. ಮೇಲೆ ಬೆಳ್ಳಿಯ ಲೇಪನ ಬಿಟ್ಟರೆ ಮತ್ತೇನೂ ಇಲ್ಲ. ಲೇಪನ ಮೊದಲ ದಿನಗಳಲ್ಲೇ ಆವಿಯಾಗಿ ಹೋಗಿರುತ್ತದೆ. ಆಮೇಲೆ ಗಾಳಿಯಲ್ಲಿ ತಾಮ್ರಕ್ಕೆ ಆಕ್ಸೈಡಿನ ಪದರ ಕಟ್ಟುತ್ತದೆ, ಅದು ಕರೆಂಟಿಗೆ ಅಡ್ಡ ನಿಲ್ಲುತ್ತದೆ, ಬಿಸಿ ಏರುತ್ತದೆ. ಬೆಳ್ಳಿಯ ಹೆಚ್ಚುಗಾರಿಕೆ ಇಲ್ಲೇ ಇರುವುದು. ಅದರ ಆಕ್ಸೈಡು 200 ಡಿಗ್ರಿಯ ಮೇಲೆ ತಾನಾಗಿಯೇ ಒಡೆದು ಮತ್ತೆ ಬೆಳ್ಳಿಯಾಗುತ್ತದೆ. ಗಾಳಿಯಲ್ಲಿ ಕೆಲಸ ಮಾಡುವ ಕಾಂಟ್ಯಾಕ್ಟಿಗೆ ಬೆಳ್ಳಿ ಬೇಕೇ ಬೇಕು ಅನ್ನುವುದು ಈ ಕಾರಣಕ್ಕೆ.

— ಹಾಗಿದ್ದರೆ ಬೆಳ್ಳಿಗೆ ಗಟ್ಟಿಯಾದ ಲೋಹವೊಂದನ್ನು ಸೇರಿಸಿ ಕರಗಿಸಿ ಮಿಶ್ರಲೋಹ ಮಾಡಿಬಿಡಬಹುದಲ್ಲ? ಚಿನ್ನಕ್ಕೆ ತಾಮ್ರ ಸೇರಿಸಿ ಗಟ್ಟಿ ಮಾಡುತ್ತಾರಲ್ಲ.

— ಒಳ್ಳೆಯ ಪ್ರಶ್ನೆ, ಈ ವಿದ್ಯೆಯ ತಿರುಳು ಇದರ ಉತ್ತರದಲ್ಲಿದೆ. ಎರಡು ಲೋಹ ಒಂದರಲ್ಲೊಂದು ಕರಗಿ ಹೋದರೆ ಒಳಗಿನ ಪರಮಾಣುಗಳ ಸಾಲು ಕೆಡುತ್ತದೆ. ಒಂದೇ ಬಗೆಯ ಪರಮಾಣುಗಳ ಅಚ್ಚುಕಟ್ಟಾದ ಸಾಲಿನ ನಡುವೆ ಎಲೆಕ್ಟ್ರಾನುಗಳು ಸರಾಗವಾಗಿ ಹೋಗುತ್ತವೆ. ನಡುನಡುವೆ ಬೇರೆ ಬಗೆಯವು ಬಂದು ಕೂತರೆ ಹೆಜ್ಜೆಹೆಜ್ಜೆಗೂ ಚದರುತ್ತವೆ. ತಾಮ್ರ ಮತ್ತು ನಿಕ್ಕಲನ್ನು ನೋಡು. ತಾಮ್ರದ ರೋಧಕತೆ ಸುಮಾರು 1.7 ಮೈಕ್ರೋಓಮ್-ಸೆಂಟಿಮೀಟರ್, ನಿಕ್ಕಲಿನದು ಸುಮಾರು 7. ಇವೆರಡನ್ನೂ ಕರಗಿಸಿ ಕಾನ್‌ಸ್ಟಂಟನ್ ಮಾಡಿದರೆ 2 ಮತ್ತು 7ರ ನಡುವೆ ಎಲ್ಲೋ ಬರಬೇಕು ಅಂತ ನೀನು ಎಣಿಸುತ್ತೀಯ. ಬರುವುದು 49! ಅಪ್ಪ ಅಮ್ಮ ಇಬ್ಬರಿಗಿಂತಲೂ ಎಷ್ಟೋ ಪಟ್ಟು ಮೊಂಡು. ಅದಕ್ಕೇ ಕಾನ್‌ಸ್ಟಂಟನ್ನನ್ನು ರೆಸಿಸ್ಟರ್ ತಂತಿಗೆ ಬಳಸುತ್ತಾರೆ.

ಬೆಳ್ಳಿ ಮತ್ತು ನಿಕ್ಕಲಿನ ಕಥೆ ಬೇರೆ. ಅವು ಒಂದರಲ್ಲೊಂದು ಕರಗುವುದೇ ಇಲ್ಲ ಅನ್ನಬಹುದು. ನೂರಕ್ಕೆ ತೊಂಬತ್ತು ಭಾಗ ಬೆಳ್ಳಿಯ ಪುಡಿ, ಹತ್ತು ಭಾಗ ನಿಕ್ಕಲಿನ ಪುಡಿ ಬೆರೆಸಿ, ಒತ್ತಿ, ಕಾಯಿಸಿ, ಅಚ್ಚಿನಿಂದ ಹಾಯಿಸಿ ಎಳೆದರೆ ಬೆಳ್ಳಿ ಬೆಳ್ಳಿಯಾಗಿಯೇ, ನಿಕ್ಕಲು ನಿಕ್ಕಲಾಗಿಯೇ ಉಳಿಯುತ್ತವೆ. ರೋಧಕತೆ 2ರ ಆಸುಪಾಸು. ಬೆಳ್ಳಿ ಕರೆಂಟು ಹರಿಸುತ್ತದೆ, ನಿಕ್ಕಲಿನ ಕಣಗಳು ಮೈಯನ್ನು ಗಟ್ಟಿ ಮಾಡುತ್ತವೆ. ಚಿಕ್ಕ ಕಾಂಟ್ಯಾಕ್ಟರು, ರಿಲೇಗಳಲ್ಲಿ ಇರುವುದು ಇದೇ. ಒಂದರ ಗುಣ ಇನ್ನೊಂದರಲ್ಲಿ ಕಳೆದುಹೋಗದ ಹಾಗೆ ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದಿಡುವುದೇ ಈ ವಿದ್ಯೆ. ಇವುಗಳನ್ನು ಸಂಯೋಜಿತ ಲೋಹಗಳು ಅನ್ನುತ್ತಾರೆ.

— ಒಂದರಲ್ಲೊಂದು ಕರಗದ ಲೋಹಗಳನ್ನು ಒಟ್ಟಿಗೆ ಹಿಡಿದಿಡುವುದು ಹೇಗೆ? ಪುಡಿ ಉದುರಿಹೋಗುವುದಿಲ್ಲವೇ?

— ಅತಿ ಕಷ್ಟದ ಜೋಡಿಯನ್ನೇ ಹೇಳುತ್ತೇನೆ, ತಾಮ್ರ ಮತ್ತು ಟಂಗ್‌ಸ್ಟನ್. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿಗೆ. ತಾಮ್ರ 1,085ಕ್ಕೇ ಕರಗಿ 2,562ಕ್ಕೆ ಕುದಿದು ಆವಿಯಾಗಿಬಿಡುತ್ತದೆ. ಇವೆರಡನ್ನೂ ಒಂದು ಮೂಸೆಯಲ್ಲಿ ಹಾಕಿದರೆ ಟಂಗ್‌ಸ್ಟನ್ ಕರಗುವ ಮೊದಲೇ ತಾಮ್ರವೆಲ್ಲ ಹಾರಿಹೋಗಿರುತ್ತದೆ. ಅದಕ್ಕೆ ಬೇರೆ ದಾರಿ ಹುಡುಕಿದರು. ಟಂಗ್‌ಸ್ಟನ್ನಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಕಾಯಿಸಿದರೆ ಕಣಗಳು ಮುಟ್ಟಿದಲ್ಲೆಲ್ಲ ಕೂಡಿಕೊಂಡು ಒಳಗೆಲ್ಲ ಸಣ್ಣ ಸಣ್ಣ ಸಂದುಗಳಿರುವ ಗಟ್ಟಿ ಹಂದರ ಆಗುತ್ತದೆ. ಅದಕ್ಕೆ ಕರಗಿದ ತಾಮ್ರ ತಾಗಿಸಿದರೆ, ರಸ್ಕು ಕಾಫಿಯನ್ನು ಹೀರಿಕೊಳ್ಳುವ ಹಾಗೆ, ಹಂದರ ತಾಮ್ರವನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಕುಲುಮೆಯೊಳಗೆ ಹೈಡ್ರೋಜನ್ ಹರಿಸಿರಬೇಕು. ಕಣಗಳ ಮೇಲೆ ಚೂರು ಆಕ್ಸೈಡು ಉಳಿದಿದ್ದರೂ ತಾಮ್ರ ಅಲ್ಲಿ ಹರಡುವುದಿಲ್ಲ, ಒಳಗೆ ಪೊಳ್ಳು ಉಳಿದುಬಿಡುತ್ತದೆ. ಹೊರಗೆ ಬಂದ ತುಂಡಿನಲ್ಲಿ ತೂಕದ ಲೆಕ್ಕದಲ್ಲಿ 60ರಿಂದ 80 ಭಾಗ ಟಂಗ್‌ಸ್ಟನ್, ಉಳಿದದ್ದು ತಾಮ್ರ.

— ಇದು ಎಲ್ಲಿ ಬೇಕಾಗುತ್ತದೆ?

— 220 ಕೆವಿ, 400 ಕೆವಿ ಸ್ಟೇಷನ್ನುಗಳ, ಎಸ್‌ಎಫ್‌6 ಅನಿಲ ತುಂಬಿದ ಬ್ರೇಕರುಗಳಲ್ಲಿ. ಲೈನಿನಲ್ಲಿ ಶಾರ್ಟ್ ಆದಾಗ 40,000 ಆಂಪಿಯರ್ ಹರಿದರೂ ಎರಡು ಮೂರು ಸೈಕಲ್ಲಿನೊಳಗೆ, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಆಸುಪಾಸಿನಲ್ಲಿ, ಅದನ್ನು ಕಡಿಯಬೇಕು. ಅಲ್ಲಿ ಕೆಲಸವನ್ನೇ ಇಬ್ಭಾಗ ಮಾಡಿದ್ದಾರೆ. ದಿನವಿಡೀ ಕರೆಂಟು ಹೊರುವುದಕ್ಕೆ ಬೆಳ್ಳಿ ಲೇಪಿಸಿದ ತಾಮ್ರದ ಮುಖ್ಯ ಕಾಂಟ್ಯಾಕ್ಟುಗಳು, ಆರ್ಕಿನ ಹೊಡೆತ ತಿನ್ನುವುದಕ್ಕೆ ತಾಮ್ರ-ಟಂಗ್‌ಸ್ಟನ್ನಿನ ಆರ್ಕಿಂಗ್ ಕಾಂಟ್ಯಾಕ್ಟುಗಳು. ಮುಚ್ಚುವಾಗ ಆರ್ಕಿಂಗ್ ಕಾಂಟ್ಯಾಕ್ಟು ಮೊದಲು ಮುಟ್ಟುತ್ತದೆ, ತೆರೆಯುವಾಗ ಕೊನೆಗೆ ಬಿಡುತ್ತದೆ. ಹೊಡೆತವೆಲ್ಲ ಅದರ ತಲೆಯ ಮೇಲೆ.

ಆರ್ಕಿನ ಬಿಸಿ ತಾಗಿದಾಗ ಒಳಗೆ ನಡೆಯುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ತಾಮ್ರ ಕುದಿಯುವ ಉಷ್ಣತೆ ಟಂಗ್‌ಸ್ಟನ್ ಕರಗುವ ಉಷ್ಣತೆಗಿಂತ ಕಡಿಮೆ ಅಂದೆನಲ್ಲ? ಕುಲುಮೆಯಲ್ಲಿ ತೊಡಕಾಗಿದ್ದ ಆ ಗುಣವೇ ಇಲ್ಲಿ ಕಾಪಾಡುತ್ತದೆ. ತಾಮ್ರ ಆವಿಯಾಗುತ್ತಾ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ, ಹಂದರ ಗಟ್ಟಿಯಾಗಿ ನಿಂತು ಉಳಿದ ಕರಗಿದ ತಾಮ್ರ ಚೆಲ್ಲಿಹೋಗದಂತೆ ತನ್ನ ಸಂದುಗಳಲ್ಲಿ ಹಿಡಿದುಕೊಳ್ಳುತ್ತದೆ. ಒಂದು ಸ್ವಲ್ಪ ಸವೆದು ಇನ್ನೊಂದನ್ನು ಉಳಿಸುತ್ತದೆ, ಉಳಿದದ್ದು ಸವೆಯುತ್ತಿರುವುದನ್ನು ತಡೆದು ಹಿಡಿಯುತ್ತದೆ.

— ಅಲ್ಲಿ ತಾಮ್ರ ಆದೀತು, ನನ್ನ ಸ್ಟಾರ್ಟರಿನಲ್ಲಿ ಆಗದು. ಅದು ಹೇಗೆ?

— ಅಲ್ಲಿ ಸುತ್ತ ಇರುವುದು ಎಸ್‌ಎಫ್‌6 ಅನಿಲ, ಗಾಳಿಯ ಆಮ್ಲಜನಕ ಇಲ್ಲ. ತಾಮ್ರಕ್ಕೆ ಆಕ್ಸೈಡು ಕಟ್ಟುವ ಚಿಂತೆ ಇಲ್ಲ. ಕಾರ್ಖಾನೆಯ ಪ್ಯಾನಲ್ಲುಗಳಲ್ಲಿರುವ, ಗಾಳಿಯಲ್ಲೇ ಕೆಲಸ ಮಾಡುವ ದೊಡ್ಡ ಬ್ರೇಕರುಗಳಲ್ಲಿ ತಾಮ್ರದ ಜಾಗಕ್ಕೆ ಬೆಳ್ಳಿ ಬರುತ್ತದೆ. ಬೆಳ್ಳಿ-ಟಂಗ್‌ಸ್ಟನ್ ಅಥವಾ ಬೆಳ್ಳಿ-ಟಂಗ್‌ಸ್ಟನ್ ಕಾರ್ಬೈಡ್. ನಿಮ್ಮ ಮನೆಯ ಎಂಸಿಬಿಯೊಳಗೆ ಬೆಳ್ಳಿಯ ಜೊತೆ 3ರಿಂದ 5 ಭಾಗ ಗ್ರಾಫೈಟ್ ಇರುವ ತುಂಡೊಂದು ಇರುತ್ತದೆ. ಶಾರ್ಟ್ ಆದಾಗ ಗ್ರಾಫೈಟ್ ಉರಿದು ಅನಿಲವಾಗಿ ಹೋಗುತ್ತದೆ, ಬೆಸುಗೆ ಬೀಳಲು ಬಿಡುವುದಿಲ್ಲ. ಆದರೆ ಅದು ಮೆತ್ತಗೆ, ಬೇಗ ಸವೆಯುತ್ತದೆ. ದಿನಕ್ಕೆ ನೂರು ಸಲ ತೆರೆದು ಮುಚ್ಚುವ ಕಾಂಟ್ಯಾಕ್ಟರಿಗೆ ಅದು ಆಗದು. ಅಪರೂಪಕ್ಕೊಮ್ಮೆ ದೊಡ್ಡ ಹೊಡೆತ ತಡೆಯುವ ಎಂಸಿಬಿಗೆ ಸರಿ.

— ನಮ್ಮ ಊರಿನ ಸಬ್‌ಸ್ಟೇಷನ್ನಿನ ಲೈನ್‌ಮನ್ ವ್ಯಾಕ್ಯೂಮ್ ಬ್ರೇಕರ್ ಅಂತ ಹೇಳುತ್ತಿದ್ದರು. ಏನೂ ಇಲ್ಲದ ಜಾಗದಲ್ಲಿ ಆರ್ಕ್ ಹೊತ್ತುವುದಾದರೂ ಹೇಗೆ?

— ಕಾಂಟ್ಯಾಕ್ಟಿನಿಂದಲೇ ಎದ್ದ ಲೋಹದ ಆವಿಯಲ್ಲಿ. ಅಲ್ಲಿ ಉರಿಯಲು ಮತ್ತೇನೂ ಇಲ್ಲ. ನಮ್ಮ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ. ಅಂಥ ಒಂದು ಸೊನ್ನೆ ಬಂದ ಕೂಡಲೇ ಆವಿಯೆಲ್ಲ ತಣ್ಣನೆಯ ಲೋಹದ ಮೇಲೆ ಕೂತು ನಿರ್ವಾತ ಮತ್ತೆ ನಿರ್ವಾತವಾಗುತ್ತದೆ. 11 ಕೆವಿಯನ್ನು ತಡೆಯಲು ಒಂದು ಸೆಂಟಿಮೀಟರಿನ ಆಸುಪಾಸಿನ ಸಂದು ಸಾಕು. ಅಂದಮೇಲೆ ಅಲ್ಲಿ ಕಾಂಟ್ಯಾಕ್ಟಿನ ಲೋಹವೇ ಆರ್ಕಿನ ಉಸಿರು. ಲೋಹ ಆರಿಸುವುದರಲ್ಲಿ ಎಡವಿದರೆ ಬ್ರೇಕರೇ ಎಡವಿದ ಹಾಗೆ.

ಅಲ್ಲಿ ಮೂರು ಕಡೆಯಿಂದ ಎಳೆತ ಇತ್ತು. ನಿರ್ವಾತದಲ್ಲಿ ಮೈ ಮೇಲೆ ಯಾವ ಪದರವೂ ಇಲ್ಲದೆ ಶುದ್ಧ ಲೋಹಕ್ಕೆ ಶುದ್ಧ ಲೋಹ ತಾಗುವುದರಿಂದ ಬೆಸುಗೆ ಬಹಳ ಸುಲಭವಾಗಿ ಬೀಳುತ್ತದೆ. ಲೋಹದಲ್ಲಿ ಅನಿಲ ಅಡಗಿದ್ದರೆ ಅದು ಹೊರಬಂದು ನಿರ್ವಾತವನ್ನೇ ಕೆಡಿಸುತ್ತದೆ. ಆವಿ ತೀರ ಕಡಿಮೆಯಾದರೆ ಕರೆಂಟು ಸೊನ್ನೆಗೆ ಬರುವ ಮೊದಲೇ ಆರ್ಕ್ ಫಕ್ಕನೆ ಕಡಿದುಹೋಗಿ, ಮೋಟರಿನಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಸಿಕ್ಕಿಬಿದ್ದ ಶಕ್ತಿ ವೋಲ್ಟೇಜಿನ ಅಲೆಯಾಗಿ ಎದ್ದು ಇನ್ಸುಲೇಷನ್ನನ್ನು ಒಡೆಯುತ್ತದೆ. ಶುದ್ಧ ಟಂಗ್‌ಸ್ಟನ್ನಿನದು ಈ ಕೊನೆಯ ತೊಂದರೆ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು ತಾಮ್ರಕ್ಕೆ ಚೂರು ಬಿಸ್ಮತ್ ಸೇರಿಸಿದರು. ಬೆಸುಗೆ ಬಿದ್ದರೂ ಪಟ್ಟೆಂದು ಮುರಿಯುವಷ್ಟು ಅದು ಹುಡಿಹುಡಿ. ಆಮೇಲೆ ಬಂದು ಗೆದ್ದದ್ದು ತಾಮ್ರ-ಕ್ರೋಮಿಯಮ್. ನೂರರಲ್ಲಿ 25ರಿಂದ 50 ಭಾಗ ಕ್ರೋಮಿಯಮ್. ಗಟ್ಟಿ ತಾಮ್ರದಲ್ಲಿ ಕ್ರೋಮಿಯಮ್ ಒಂದು ಪ್ರತಿಶತವೂ ಕರಗುವುದಿಲ್ಲ, ಹಾಗಾಗಿ ತಾಮ್ರದ ಹರಿವು ಕೆಡುವುದಿಲ್ಲ. ಒಳಗೆ ಅಳಿದುಳಿದ ಆಮ್ಲಜನಕವನ್ನು ಕ್ರೋಮಿಯಮ್ ಹಿಡಿದುಕೊಂಡು ನಿರ್ವಾತವನ್ನೂ ಕಾಯುತ್ತದೆ. ಆರ್ಕ್ ಅವಧಿಗೆ ಮೊದಲು ಕಡಿಯುವುದು ನಾಲ್ಕೈದು ಆಂಪಿಯರಿನಷ್ಟು ಕಡಿಮೆ ಕರೆಂಟಿಗೆ ಇಳಿದಾಗ ಮಾತ್ರ, ಅದರಿಂದ ಹೆದರುವಂಥ ಅಲೆ ಏಳುವುದಿಲ್ಲ.

ಇಂಥ ಬ್ರೇಕರುಗಳೊಳಗೆ ಕರೆಂಟು ಕಡಿಯುವ ವ್ಯಾಕ್ಯೂಮ್ ಇಂಟರಪ್ಟರುಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಿಸಿದ್ದಾರೆ. 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ನಾವು ಸಿಪಿಆರ್‌ಐ ಅನ್ನುತ್ತೇವಲ್ಲ, ಅದೂ ಬೆಂಗಳೂರಿನದೇ. ಬ್ರೇಕರುಗಳನ್ನು ಅಲ್ಲಿಗೆ ಒಯ್ದು ಬೇಕೆಂದೇ ಶಾರ್ಟ್ ಸರ್ಕ್ಯೂಟಿನ ಕರೆಂಟು ಹರಿಸಿ, ಕಡಿಯುತ್ತದೋ ಇಲ್ಲವೋ ನೋಡುತ್ತಾರೆ. ಪರೀಕ್ಷೆ ಮುಗಿದಮೇಲೆ ಬಿಚ್ಚಿ ಕಾಂಟ್ಯಾಕ್ಟಿನ ಮುಖ ನೋಡುವ ಗಳಿಗೆ ನಮ್ಮ ಕೆಲಸದಲ್ಲಿ ಬಲು ದೊಡ್ಡದು. ಎಲ್ಲಿ ಕರಗಿದೆ, ಎಲ್ಲಿ ಬಿರುಕು ಬಿಟ್ಟಿದೆ, ಆರ್ಕ್ ಒಂದೇ ಕಡೆ ನಿಂತಿತೋ ಮೈಯೆಲ್ಲ ಓಡಾಡಿತೋ, ಎಲ್ಲವೂ ಅಲ್ಲಿ ಬರೆದಿರುತ್ತದೆ.

— ಸರಿ, ದೊಡ್ಡ ಸ್ಟೇಷನ್ನಿನ ಮಾತಾಯಿತು. ನನ್ನ ಸ್ಟಾರ್ಟರಿಗೆ ಲೋಹದ ಬದಲು ಆಕ್ಸೈಡಿನ ಪುಡಿ ಯಾಕೆ? ಆಕ್ಸೈಡು ಕರೆಂಟಿಗೆ ಅಡ್ಡ ಅಂತ ಈಗ ತಾನೇ ಹೇಳಿದಿರಿ.

— ಮೈ ಮೇಲೆ ಪದರವಾಗಿ ಕಟ್ಟಿದರೆ ಅಡ್ಡ. ಬೆಳ್ಳಿಯೊಳಗೆ ಸಣ್ಣ ಕಣಗಳಾಗಿ ಹರಡಿದ್ದರೆ ಕಣಗಳ ಸುತ್ತ ಬಳಸಿಕೊಂಡು ಕರೆಂಟು ಬೆಳ್ಳಿಯಲ್ಲೇ ಹೋಗುತ್ತದೆ. ಈ ಕೆಲಸಕ್ಕೆ ಬಹಳ ಕಾಲ ಬಳಸಿದ್ದು ಕ್ಯಾಡ್ಮಿಯಮ್ ಆಕ್ಸೈಡು, ನೂರಕ್ಕೆ 10ರಿಂದ 15 ಭಾಗ. ಬೆಳ್ಳಿ ಮತ್ತು ಕ್ಯಾಡ್ಮಿಯಮ್ಮನ್ನು ಕರಗಿಸಿ ತುಂಡು ಮಾಡಿ ಆಮ್ಲಜನಕದಲ್ಲಿ ಕಾಯಿಸಿದರೆ ಆಮ್ಲಜನಕ ಬೆಳ್ಳಿಯೊಳಗೆ ಇಳಿದು ಕ್ಯಾಡ್ಮಿಯಮ್ಮನ್ನು ಇದ್ದಲ್ಲೇ ಆಕ್ಸೈಡು ಮಾಡುತ್ತದೆ. ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆರ್ಕ್ ತಾಗಿದಾಗ ಆ ಕಣಗಳು ಒಡೆದು ಆವಿಯಾಗುತ್ತಾ ಶಾಖ ಹೀರುತ್ತವೆ, ಬೆಳ್ಳಿಯ ಮೈಯನ್ನು ಶುಚಿಯಾಗಿ ಬಿಟ್ಟುಹೋಗುತ್ತವೆ. ಅಂಟುವುದೂ ಕಡಿಮೆ, ಬಿಸಿಯೂ ಕಡಿಮೆ. ಗುಣದಲ್ಲಿ ಅದಕ್ಕೆ ಸಾಟಿ ಸಿಗಲಿಲ್ಲ.

— ಮತ್ತೆ ಬಿಟ್ಟದ್ದು ಯಾಕೆ?

— ಕ್ಯಾಡ್ಮಿಯಮ್ ಮನುಷ್ಯನ ಮೂತ್ರಪಿಂಡಕ್ಕೂ ಮೂಳೆಗೂ ವಿಷ. ಜಪಾನಿನ ತೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಮ್ ಜಿಂಜೂ ನದಿಗೆ ಸೇರಿ, ಆ ನೀರು ಭತ್ತದ ಗದ್ದೆಗೆ ಹರಿದು, ಅಕ್ಕಿಯ ಮೂಲಕ ಜನರ ಮೈಗೆ ಇಳಿಯಿತು. ಮೂಳೆ ಮೆತ್ತಗಾಗಿ ಮುರಿಯುವ ಆ ರೋಗಕ್ಕೆ ಇತಾಯ್-ಇತಾಯ್ ಅಂತ ಹೆಸರು ಬಿತ್ತು. ನರಳಿದವರಲ್ಲಿ ಹೆಚ್ಚಿನವರು ಹೆಂಗಸರು. ಮಾಲಿನ್ಯದಿಂದ ಬಂದ ರೋಗ ಅದು ಅಂತ ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿತು. 2006ರ ಜುಲೈನಿಂದ ಯೂರೋಪಿನಲ್ಲಿ ವಿದ್ಯುತ್ ಉಪಕರಣಗಳಲ್ಲಿ ಕ್ಯಾಡ್ಮಿಯಮ್ಮಿಗೆ 0.01 ಪ್ರತಿಶತದ ಮಿತಿ ಬಂತು. ಕಾಂಟ್ಯಾಕ್ಟುಗಳಿಗೆ ಮಾತ್ರ ವಿನಾಯಿತಿ ಕೊಟ್ಟರು, ಬದಲಿ ವಸ್ತು ಸಿಗುವುದು ಅಷ್ಟು ಕಷ್ಟವಿತ್ತು. ನಮ್ಮ ಇ-ತ್ಯಾಜ್ಯದ ನಿಯಮಗಳಲ್ಲೂ ಗೃಹೋಪಯೋಗಿ ಉಪಕರಣಗಳಿಗೆ ಅದೇ ಮಿತಿ ಇದೆ.

ನನಗೆ ನಿಜವಾಗಿ ಸಂಕಟವಾಗುವುದು ಹಳೆಯ ಕಾಂಟ್ಯಾಕ್ಟುಗಳ ವಿಷಯದಲ್ಲಿ. ಗುಜರಿಯವರು ಬೆಳ್ಳಿಯ ಆಸೆಗೆ ಅವನ್ನು ಕೊಂಡು ಇದ್ದಿಲೊಲೆಯಲ್ಲಿ ಕರಗಿಸುತ್ತಾರೆ. ಇದ್ದಿಲು ಆಕ್ಸೈಡನ್ನು ಒಡೆದು ಕ್ಯಾಡ್ಮಿಯಮ್ ಮಾಡುತ್ತದೆ. ಕ್ಯಾಡ್ಮಿಯಮ್ ಕುದಿಯುವುದು 767 ಡಿಗ್ರಿಗೆ, ಬೆಳ್ಳಿ ಕರಗುವುದು 962ಕ್ಕೆ. ಬೆಳ್ಳಿ ಕರಗುವ ಹೊತ್ತಿಗೆ ಕ್ಯಾಡ್ಮಿಯಮ್ ಹೊಗೆಯಾಗಿ ಒಲೆಯ ಮುಂದೆ ಕೂತವನ ಎದೆಗೆ ಇಳಿದಾಗಿರುತ್ತದೆ. ಆಭರಣದಂಗಡಿಗಳಲ್ಲಿ ಕೆಡಿಎಂ ಅನ್ನುತ್ತಿದ್ದರಲ್ಲ, ಅದೂ ಕ್ಯಾಡ್ಮಿಯಮ್ ಬೆಸುಗೆಯೇ. ಅಕ್ಕಸಾಲಿಗರ ಎದೆಗೆ ಕುತ್ತು ಅಂತ ಅದನ್ನು ಬಿಡಿಸಿದರು. ಹಳೆಯ ಕಾಂಟ್ಯಾಕ್ಟಿನ ಮುಂದೆ ಕೂತು ಕರಗಿಸುವ ಹುಡುಗನ ಎದೆಯೂ ಅಷ್ಟೇ ಬೆಲೆಯದು. ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ.

— ಆದ್ದರಿಂದ ತವರದ ಆಕ್ಸೈಡು ಬಂತು.

— ಹೌದು. ಅದರಲ್ಲಿ ಕ್ಯಾಡ್ಮಿಯಮ್ಮಿನ ಅಪಾಯ ಇಲ್ಲ, ಆರ್ಕಿನ ಮುಂದೆ ಗಟ್ಟಿಯಾಗಿ ನಿಲ್ಲುತ್ತದೆ, ಬೆಸುಗೆಗೂ ಬಗ್ಗುವುದಿಲ್ಲ. ಅದರ ಗಟ್ಟಿತನವೇ ಹೊಸ ತೊಡಕೂ ಆಯಿತು. ಕ್ಯಾಡ್ಮಿಯಮ್ ಆಕ್ಸೈಡು ಆವಿಯಾಗಿ ಹೋಗುತ್ತಿತ್ತು, ಇದು ಹೋಗುವುದಿಲ್ಲ. ಮೈ ಕರಗಿದಾಗ ಬೆಳ್ಳಿಯಿಂದ ಬೇರೆಯಾಗಿ ಮೇಲೆ ಬಂದು ಪದರ ಕಟ್ಟಿ ಬಿಸಿ ಏರಿಸುತ್ತದೆ. ಅದಕ್ಕೆ ಬಿಸ್ಮತ್, ಇಂಡಿಯಮ್, ಟಂಗ್‌ಸ್ಟನ್, ತಾಮ್ರದ ಆಕ್ಸೈಡುಗಳನ್ನು ಚೂರುಚೂರು ಸೇರಿಸಿ ನೋಡಿದರು. ಕರಗಿದ ಬೆಳ್ಳಿ ತವರದ ಆಕ್ಸೈಡಿನ ಕಣಗಳನ್ನು ಬಿಟ್ಟುಕೊಡದೆ ಅಪ್ಪಿಕೊಂಡಿರುವಂತೆ ಅವು ಮಾಡುತ್ತವೆ. ಒಬ್ಬೊಬ್ಬ ತಯಾರಕರ ಪಾಕ ಒಂದೊಂದು. ನಿನಗೆ ಅಂಗಡಿಯವರು ಕೊಟ್ಟ ತುಂಡಿನ ಹಿಂದೆ ಇಷ್ಟು ಜನರ ದುಡಿಮೆ ಇದೆ. ಅದನ್ನು ಮೋಸ ಅನ್ನಬೇಡ.

— ಇಷ್ಟೆಲ್ಲ ಪಾಡು ಪಡುವ ಬದಲು ಎಲೆಕ್ಟ್ರಾನಿಕ್ ಸ್ವಿಚ್ಚು ಹಾಕಿಬಿಟ್ಟರೆ? ಅದರಲ್ಲಿ ಕಾಂಟ್ಯಾಕ್ಟೂ ಇಲ್ಲ, ಕಿಡಿಯೂ ಇಲ್ಲ.

— ಕೆಲವು ಕಡೆ ಹಾಕುತ್ತಾರೆ, ಹಾಕಬೇಕಾದದ್ದೇ. ಆದರೆ ಥೈರಿಸ್ಟರಿನ ಆಚೆ ಈಚೆ ಒಂದು ವೋಲ್ಟಿಗೂ ಹೆಚ್ಚು ಬೀಳುತ್ತದೆ. ನೂರು ಆಂಪಿಯರ್ ಹರಿದರೆ ನೂರು ವಾಟಿಗೂ ಮೇಲೆ ಶಾಖ. ಒಳ್ಳೆಯ ಕಾಂಟ್ಯಾಕ್ಟಿನಲ್ಲಿ ಬೀಳುವುದು ಮಿಲಿವೋಲ್ಟುಗಳ ಲೆಕ್ಕದಲ್ಲಿ. ಮತ್ತೆ, ಥೈರಿಸ್ಟರು ಆಫ್ ಆಗಿದ್ದರೂ ನಡುವೆ ಗಾಳಿಯ ಸಂದು ಇಲ್ಲ, ಸೋರಿಕೆ ಇದ್ದೇ ಇರುತ್ತದೆ. ಕೈ ಹಾಕುವವನ ಜೀವಕ್ಕೆ ಸಂದು ಬೇಕು. ಸಾಫ್ಟ್ ಸ್ಟಾರ್ಟರುಗಳಲ್ಲಿ ಮೋಟರು ಓಟಕ್ಕೆ ಬಂದಮೇಲೆ ಥೈರಿಸ್ಟರನ್ನು ಬದಿಗಿಟ್ಟು ಕರೆಂಟನ್ನು ಕಾಂಟ್ಯಾಕ್ಟರಿನ ಮೂಲಕವೇ ಹರಿಸುವುದುಂಟು.

ಮುಂದೆ ಕಾಂಟ್ಯಾಕ್ಟಿನ ಕೆಲಸ ಇನ್ನೂ ಕಠಿಣವಾಗುತ್ತದೆ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಫಲಕಗಳಿಂದ ಬರುವುದು ಡಿಸಿ. ಎಸಿಯಲ್ಲಿ ಕರೆಂಟು ತಾನಾಗಿ ಸೊನ್ನೆಗೆ ಬಂದು ಆರ್ಕಿಗೆ ಆರುವ ಅವಕಾಶ ಕೊಡುತ್ತದೆ, ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ. ಆರ್ಕನ್ನು ಎಳೆದು, ಆಯಸ್ಕಾಂತದಿಂದ ತಳ್ಳಿ, ತುಂಡು ಮಾಡಿ ಆರಿಸಬೇಕು. ಅಷ್ಟು ಹೊತ್ತೂ ಕಾಂಟ್ಯಾಕ್ಟು ಉರಿಯನ್ನು ತಿನ್ನಬೇಕು. ಜೊತೆಗೆ ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ಒಂದು ತುಂಡಿನ ಲೋಹ ಇನ್ನೊಂದಕ್ಕೆ ಹೋಗಿ ಕೂರುತ್ತದೆ, ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಗುಡ್ಡೆ. ಬ್ಯಾಟರಿ ವಾಹನಗಳಲ್ಲೂ ಇದೇ ಸವಾಲು. ಈ ವಿದ್ಯೆ ಕಲಿತ ಹುಡುಗ ಹುಡುಗಿಯರು ನಮಗೆ ಇನ್ನೂ ಬೇಕು.

— ವೈಂಡಿಂಗ್ ಅಂಗಡಿಯಲ್ಲಿ ಕಾಂಟ್ಯಾಕ್ಟು ಕಪ್ಪಾಗಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ ಕೊಡುತ್ತಾರೆ. ಅದು ಸರಿಯೇ?

— ಬೇಡ. ಬೆಳ್ಳಿಯ ಕಾಂಟ್ಯಾಕ್ಟು ಕಪ್ಪಾಗುವುದು, ಮೈ ಸ್ವಲ್ಪ ಒರಟಾಗುವುದು ಸಹಜ, ಅದರಿಂದ ಕರೆಂಟಿಗೆ ಅಡ್ಡಿ ಇಲ್ಲ. ಉಜ್ಜಿದರೆ ನೀನು ದುಡ್ಡು ಕೊಟ್ಟ ಬೆಳ್ಳಿಯೇ ಪುಡಿಯಾಗಿ ಉದುರುತ್ತದೆ. ಎಮರಿಯ ಗಟ್ಟಿ ಕಣಗಳು ಮೆತ್ತನೆಯ ಬೆಳ್ಳಿಯಲ್ಲಿ ನಾಟಿಕೊಂಡು ಅಲ್ಲಲ್ಲಿ ಕರೆಂಟನ್ನು ತಡೆಯುತ್ತವೆ. ಬೆಳ್ಳಿಯ ಪದರ ಪೂರ್ತಿ ಸವೆದು ಕೆಳಗಿನ ತಾಮ್ರ ಇಣುಕುವ ಹೊತ್ತಿಗೆ ಬದಲಿಸು. ಒಂದನ್ನೇ ಬದಲಿಸಬೇಡ. ಮೂರು ಫೇಸಿನದೂ, ಸ್ಪ್ರಿಂಗಿನ ಸಮೇತ, ಒಟ್ಟಿಗೆ ಬದಲಿಸು. ಒತ್ತುವ ಬಲ ಕಡಿಮೆಯಾದರೆ ಮುಟ್ಟುವ ಚುಕ್ಕೆ ಚಿಕ್ಕದಾಗುತ್ತದೆ, ಆಮೇಲಿನದು ನಿನಗೆ ಗೊತ್ತು.

— ಹಾಗಾದರೆ ಅಂಗಡಿಯಲ್ಲಿ ನಾನು ಏನು ಕೇಳಬೇಕಿತ್ತು?

— ಎಷ್ಟು ಬೆಳ್ಳಿ ಇದೆ ಅಂತ ಕೇಳುವ ಮೊದಲು ನಿನ್ನ ಕೆಲಸ ಏನು ಅಂತ ಹೇಳು. ಎಷ್ಟು ಎಚ್‌ಪಿ, ದಿನಕ್ಕೆ ಎಷ್ಟು ಸಲ ಶುರುವಾಗುತ್ತದೆ, ಆಟೋ ಸ್ಟಾರ್ಟರ್ ಇದೆಯೋ, ವೋಲ್ಟೇಜು ಎಷ್ಟಕ್ಕೆ ಇಳಿಯುತ್ತದೆ. ಕಾಂಟ್ಯಾಕ್ಟರಿನ ಮೇಲೆ ಎಸಿ-3 ಅಂತ ಬರೆದಿದ್ದರೆ ಮೋಟರನ್ನು ಶುರು ಮಾಡಿ ಓಡುವಾಗ ನಿಲ್ಲಿಸುವ ಕೆಲಸಕ್ಕೆ ಅದು ಎಷ್ಟು ಆಂಪಿಯರ್ ತಾಳುತ್ತದೆ ಅಂತ ತಿಳಿಯುತ್ತದೆ. ಎಸಿ-4 ಅಂದರೆ ಮೋಟರು ಓಟಕ್ಕೆ ಬರುವ ಮೊದಲೇ, ಆರು ಪಟ್ಟು ಕರೆಂಟು ಹರಿಯುತ್ತಿರುವಾಗಲೇ ಮತ್ತೆ ಮತ್ತೆ ಕಡಿಯುವ ಕೆಲಸ, ಕ್ರೇನುಗಳಲ್ಲಿ ಇರುವಂಥದ್ದು. ಒಂದೇ ಕಾಂಟ್ಯಾಕ್ಟರಿಗೆ ಈ ಎರಡು ಅಂಕಿಗಳೂ ಬೇರೆ ಬೇರೆ. ನಿನಗೆ ಬೇಕಾದದ್ದು ಎಸಿ-3ರ ಅಂಕಿ. ಅದು ಮೋಟರಿನ ಕರೆಂಟಿಗಿಂತ ಧಾರಾಳವಾಗಿರಲಿ, ಕಾಂಟ್ಯಾಕ್ಟು ಆ ಕಾಂಟ್ಯಾಕ್ಟರನ್ನು ತಯಾರಿಸಿದವರದೇ ಆಗಿರಲಿ. ಇನ್ನೂರು ಮುನ್ನೂರು ರೂಪಾಯಿ ಉಳಿಯಿತು ಅಂತ ಲೇಪನದ ತಾಮ್ರ ತಂದರೆ ಬೋರಿನಿಂದ ಮೋಟರು ಎತ್ತಿಸುವ ಖರ್ಚು, ಸುಟ್ಟ ವೈಂಡಿಂಗಿನ ಖರ್ಚು, ನೀರಿಲ್ಲದೆ ಒಣಗುವ ಬೆಳೆ, ಮೂರೂ ನಿನ್ನ ಮೇಲೆ ಬೀಳುತ್ತವೆ. ಹಳೆಯ ಕಾಂಟ್ಯಾಕ್ಟುಗಳನ್ನು ಗುಜರಿಯವನಿಗೆ ಹಾಕಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೆ ಮುಟ್ಟಿಸು.

— ಬೆಳ್ಳಿ ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಇಷ್ಟು ದಿನ ನಂಬಿದ್ದೆ.

— ಬೆಳ್ಳಿ ಒಳ್ಳೆಯದೇ. ತನ್ನಲ್ಲಿ ಇಲ್ಲದ ಗುಣವನ್ನು ಪಕ್ಕದವರಿಂದ ಪಡೆದಾಗ ಅದು ಇನ್ನೂ ಒಳ್ಳೆಯದು. ಸಾಯಂಕಾಲ ಆ ಹೊಸ ಕಿಟ್ ತಗೊಂಡು ಬಾ, ಮೇನ್ ತೆಗೆದು ಇಬ್ಬರೂ ಸೇರಿ ಹಾಕೋಣ. ವೈಂಡಿಂಗ್ ಅಂಗಡಿಯ ಹುಡುಗನನ್ನೂ ಕರೆದುಕೊಂಡು ಬಾ. ಎಮರಿ ಪೇಪರಿನ ಮಾತೂ ಇದ್ದಿಲೊಲೆಯ ಮಾತೂ ನಿನಗಿಂತ ಮೊದಲು ಅವನಿಗೆ ತಿಳಿಯಬೇಕು.